ಅತ್ತೆಯ ಬಿ.ಪಿ., ನನ್ನ ಮೊಬೈಲು

ಮೊದಲ ಸಂದೇಶ ಬಂದದ್ದು ಒಂದು ಮಂಗಳವಾರ ಮುಂಜಾನೆ. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದೆ. ಮೊಬೈಲಿನಿಂದ ಹೆಣ್ಣುದನಿಯೊಂದು, "ನಮಸ್ಕಾರ, ಅಧಿಕ ರಕ್ತದೊತ್ತಡವು ಒಂದು ದೀರ್ಘಕಾಲಿಕ ಅಸಾಂಕ್ರಾಮಿಕ ಕಾಯಿಲೆಯಾಗಿದ್ದು..." ಎಂದು ಶುರು ಮಾಡಿತು. ಪಕ್ಕದಲ್ಲಿ ಕಡಲೆ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟು, "ಸಂಘದ ಕಂತಿನವರೇನು? ಶುಕ್ರವಾರ ಕೊಡುತ್ತೇವೆ ಎಂದು ಹೇಳು" ಎಂದರು.

ಅವರ ತಪ್ಪೇನಿಲ್ಲ. ನಮ್ಮ ಓಣಿಯಲ್ಲಿ ಮೊಬೈಲಿನಿಂದ ಅಷ್ಟು ಶುದ್ಧ ಕನ್ನಡ ಬಂದರೆ ಅದು ಸಾಲ ಕೊಟ್ಟವರದು, ಇಲ್ಲವೇ ಬ್ಯಾಂಕಿನ ಹೆಸರು ಹೇಳಿ ಓ.ಟಿ.ಪಿ. ಕೇಳುವವರದು.

ಇದೆಲ್ಲ ಶುರುವಾದದ್ದು ಕಣ್ಣಿನಿಂದ. ನಮ್ಮದು ಗದಗ ಜಿಲ್ಲೆ, ರೋಣ ತಾಲ್ಲೂಕಿನ ಎರೆಹೊಲದ ಊರು. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು, ಇಬ್ಬರು ಮಕ್ಕಳು. ಅತ್ತೆಗೆ 68 ಎಂದು ಆಧಾರ್ ಕಾರ್ಡು ಹೇಳುತ್ತದೆ. ಹುಟ್ಟಿದ ದಿನ ಜನವರಿ 1. ಊರಿನ ಅರ್ಧಕ್ಕರ್ಧ ಮುದುಕರು ಹುಟ್ಟಿದ್ದು ಅದೇ ದಿನ. ಎರಡೂ ಕಣ್ಣಿಗೆ ಪೊರೆ ಬಂದು, ರೊಟ್ಟಿ ಬೇಯಿಸುವಾಗ ಹಂಚಿನ ಅಂಚು ಕಾಣದೆ ಬೆರಳು ಸುಟ್ಟುಕೊಳ್ಳತೊಡಗಿದ ಮೇಲೆ, ಗಣಪತಿ ಕಳಿಸಿದ ವಾರ ಅವರನ್ನು ಗದಗಿಗೆ ಕರೆದುಕೊಂಡು ಹೋದೆವು. ಹಸಿರು ಅಂಗಿ ತೊಡಿಸಿ, ಕಣ್ಣಿಗೆ ಔಷಧ ಹಾಕಿ, ಸಾಲಿನಲ್ಲಿ ಕೂರಿಸಿದ ಮೇಲೆ ನರ್ಸು ಬಿ.ಪಿ. ನೋಡಿದರು. 186/104. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರು, ಮೇಲಿನದು 182. ವೈದ್ಯರು ಬಂದು, "ಇಷ್ಟು ಬಿ.ಪಿ. ಇಟ್ಟುಕೊಂಡು ಕಣ್ಣಿಗೆ ಕತ್ತರಿ ಹಚ್ಚುವುದಿಲ್ಲ ಅಜ್ಜಿ, ಒಳಗೆ ರಕ್ತ ಒಡೆದರೆ ಇದ್ದ ದೃಷ್ಟಿಯೂ ಹೋಗುತ್ತದೆ. 160ರ ಒಳಗೆ ತಂದು, ಅಲ್ಲಿಯೇ ನಿಲ್ಲಿಸಿಕೊಂಡು ಬನ್ನಿ" ಎಂದರು.

ಬಸ್ಸು ಬೆಟಗೇರಿ ದಾಟುವವರೆಗೂ ಅತ್ತೆ ಮಾತಾಡಲಿಲ್ಲ. ಆಮೇಲೆ ಆಡಿದ್ದು ಒಂದೇ ಮಾತು: "ಕಣ್ಣು ತೋರಿಸಲು ಹೋದರೆ ತೋಳಿಗೆ ಪಟ್ಟಿ ಕಟ್ಟಿ ತಿರುಗಿ ಕಳಿಸಿದರು." ಮನೆಗೆ ಬಂದ ಮೇಲೆ ಅದಕ್ಕೆ ಬಾಲ ಸೇರಿತು. ತಲೆ ನೋಯುವುದಿಲ್ಲ, ಕಣ್ಣಿಗೆ ಕತ್ತಲೆ ಕಟ್ಟುವುದಿಲ್ಲ, ಕೈಕಾಲು ನಡುಗುವುದಿಲ್ಲ, ನನಗೆಲ್ಲಿಯ ಬಿ.ಪಿ.? ಅವರ ಲೆಕ್ಕದಲ್ಲಿ ಬಿ.ಪಿ. ಎಂದರೆ ಸಿಟ್ಟು. ಸಿಟ್ಟಿನ ಮನುಷ್ಯ ನಮ್ಮ ಮಾವ, ಬಿ.ಪಿ. ಇರಬೇಕಾದದ್ದು ಮಾವನಿಗೆ. ಅವರದನ್ನೂ ನೋಡಿಸಿದೆವು, 128/80. ಇದರಿಂದ ಅತ್ತೆಗೆ ಯಂತ್ರದ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಹೊರಟುಹೋಯಿತು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ದಿನಕ್ಕೊಂದು ಆಮ್ಲೋಡಿಪಿನ್ 5 ಮಿಲಿಗ್ರಾಂ ಗುಳಿಗೆ ಬರೆದುಕೊಟ್ಟರು. ತಿಂಗಳ ಗುಳಿಗೆ ನಮ್ಮೂರಿನ ಉಪಕೇಂದ್ರದಲ್ಲಿಯೇ ಸಿಗುತ್ತದೆ. ಈಗ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಫಲಕ ಬಂದಿದೆ, ನಾವು ಇನ್ನೂ ಉಪಕೇಂದ್ರ ಎಂದೇ ಕರೆಯುತ್ತೇವೆ. ಅಲ್ಲಿಯ ಸಿ.ಎಚ್.ಓ. (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಕಾರ್ಡು ಮಾಡಿಕೊಟ್ಟರು. 140/90 ದಾಟಿದರೆ ಅದು ಹೆಚ್ಚು. ನೋವಿಲ್ಲ ಎಂದು ಸುಮ್ಮನಿದ್ದರೆ ಒಳಗೊಳಗೇ ಮಿದುಳು, ಹೃದಯ, ಮೂತ್ರಪಿಂಡ ಮೂರನ್ನೂ ತಿನ್ನುತ್ತದೆ ಎಂದು ತಿಳಿಸಿ ಹೇಳಿದರು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಒಂದು ತಿಂಗಳಾದ ಮೇಲೆ ಎಣಿಸಿದರೆ 30ರಲ್ಲಿ 13 ಗುಳಿಗೆ ಉಳಿದಿದ್ದವು. ಸೋಮವಾರ ಉಪವಾಸ, ಖಾಲಿ ಹೊಟ್ಟೆಗೆ ಗುಳಿಗೆ ಉಷ್ಣ. ಅಮಾವಾಸ್ಯೆಯಂದು ಔಷಧ ಬೇಡ. ಹಿಂದಿನ ಮನೆಯ ದೊಡ್ಡವ್ವನಿಗೆ ತಲೆ ತಿರುಗಿದ ದಿನ ಅವಳಿಗೆರಡು ಕೊಟ್ಟಾಗಿತ್ತು. ನವರಾತ್ರಿಯ ಒಂಬತ್ತು ದಿನಗಳ ಕಥೆ ಕೇಳುವುದೇ ಬೇಡ.

ಮೊಬೈಲು ಬಂದದ್ದು ಇಷ್ಟೆಲ್ಲ ಆದ ಮೇಲೆ. ದಸರೆ ಮುಗಿದು ಬನ್ನಿ ಹಂಚಿಕೊಂಡ ಮುಂದಿನ ವಾರ ಧಾರವಾಡದ ಕಡೆಯ ನರ್ಸಿಂಗ್ ಕಾಲೇಜಿನ ಐದು ಹುಡುಗಿಯರು ಆಶಾ ಅಕ್ಕನ ಜೊತೆ ಓಣಿಗೆ ಬಂದರು. 60 ದಾಟಿದ, ಬಿ.ಪಿ. ಇರುವ ಹಿರಿಯರಿಗೆ ಮೊಬೈಲಿನಲ್ಲಿ ಹನ್ನೆರಡು ವಾರ ಆರೋಗ್ಯ ಶಿಕ್ಷಣ ಕೊಡುತ್ತೇವೆ, ಮಂಗಳವಾರ ಒಂದು ಸಂದೇಶ, ಶುಕ್ರವಾರ ಒಂದು ಎಂದರು. ನಮ್ಮ ಓಣಿಯಲ್ಲಿ ಅಂಥವರು ಹನ್ನೊಂದು ಜನ ಸಿಕ್ಕರು. ಹನ್ನೊಂದರಲ್ಲಿ ನಾಲ್ಕು ಜನರ ಬಳಿ ಗುಂಡಿ ಒತ್ತುವ ಮೊಬೈಲು, ಇಬ್ಬರ ಬಳಿ ದೊಡ್ಡ ಮೊಬೈಲು, ಉಳಿದ ಐವರ ಬಳಿ ಏನೂ ಇಲ್ಲ. ಇದ್ದ ಎರಡು ದೊಡ್ಡ ಮೊಬೈಲುಗಳೂ ಹೆಸರಿಗೆ ಅಜ್ಜಂದಿರವು. ಶಾಲೆ ಬಿಟ್ಟ ಮೇಲೆ ಮೊಮ್ಮಕ್ಕಳವು. ಹುಡುಗಿಯರ ಮುಖ ಸಣ್ಣದಾಯಿತು. ಕೊನೆಗೆ ಆಶಾ ಅಕ್ಕ ನನ್ನತ್ತ ನೋಡಿ, "ದಿನವಿಡೀ ಮನೆಯಲ್ಲಿ ಇರುವವಳು ನೀನೊಬ್ಬಳೇ ತಂಗಿ, ಮೊಬೈಲು ಇಲ್ಲದ ಐವರ ಸಂದೇಶವೂ ನಿನ್ನ ಮೊಬೈಲಿಗೇ ಬರಲಿ" ಎಂದರು. ದಿನವಿಡೀ ಮನೆಯಲ್ಲಿ ಇರುವವಳು ದುಡಿಯುತ್ತಲೇ ಇರುತ್ತಾಳೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಐದು ಜನರ ಬಿ.ಪಿ. ನನ್ನ ಮೊಬೈಲಿಗೆ ಬಂದು ಕುಳಿತಿತು.

ಮೊದಲ ಎರಡು ವಾರ ಬಂದದ್ದರಲ್ಲಿ ನಮಗೆ ಹತ್ತುವಂಥದ್ದು ಬಹಳ ಕಡಿಮೆ. ಒಂದು ಸಂದೇಶ ಅಕ್ಷರದಲ್ಲಿತ್ತು. ಕಣ್ಣಿಗೆ ಪೊರೆ ಬಂದವರಿಗೆ, ಶಾಲೆಯ ಮೆಟ್ಟಿಲೇ ಹತ್ತದವರಿಗೆ ಅಕ್ಷರ ಕಳಿಸಿದರೆ ಓದುವವಳು ನಾನು. ವಿಡಿಯೋ ಒಂದರಲ್ಲಿ ಬಿಳಿ ಕೂದಲಿನ ಬೊಂಬೆ ಮನುಷ್ಯ ಬೂಟು ಹಾಕಿಕೊಂಡು ಉದ್ಯಾನದಲ್ಲಿ ಓಡುತ್ತಿದ್ದ. ನಮ್ಮೂರಿನಲ್ಲಿ ಬೂಟು ಹಾಕಿ ಓಡುವವರು ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗರು ಮಾತ್ರ. ಇನ್ನೊಂದರಲ್ಲಿ ಬ್ರೆಡ್ಡು, ಚೀಸು, ಡಬ್ಬಿಯಲ್ಲಿ ಬರುವ ತಿನಿಸು ಬಿಡಿ ಎಂದಿತ್ತು. ಅತ್ತೆ ಬಹಳ ಸಮಾಧಾನದಿಂದ, "ಇವನ್ನೆಲ್ಲ ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ಅಂದರೆ ನನ್ನ ಊಟದಲ್ಲಿ ತಪ್ಪೇನಿಲ್ಲ" ಎಂದು ಹೇಳಿ ತಾಟಿನ ಅಂಚಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿಕೊಂಡರು. ಮದ್ದು ಹೇಳಲು ಬಂದ ವಿಡಿಯೋ ಉಪ್ಪಿಗೆ ಪರವಾನಗಿ ಕೊಟ್ಟು ಹೋಯಿತು. ಅಂದು ನನಗೆ ಸಿಟ್ಟು ಬಂತು.

ಹುಡುಗಿಯರಿಗೆ ಫೋನು ಮಾಡಿದೆ. ಎತ್ತಿದವಳು ರಾಣೆಬೆನ್ನೂರು ಕಡೆಯವಳು. ನಾನು ರೇಗಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ಹಾಗಾದರೆ ನಿಮ್ಮ ಮನೆಯಲ್ಲಿ ಉಪ್ಪು ಯಾವ ದಾರಿಯಿಂದ ಒಳಗೆ ಬರುತ್ತದೆ? ಒಂದು ವಾರ ನೋಡಿ ಹೇಳುತ್ತೀರಾ?" ಎಂದಳು.

ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹೆಚ್ಚೂಕಡಿಮೆ ಒಂದು ಚಹಾ ಚಮಚ. ಇದನ್ನು ಅತ್ತೆಗೆ ಹೇಳಿದಾಗ, "ಗ್ರಾಂ ಲೆಕ್ಕ ಬಂಗಾರಕ್ಕಲ್ಲವೇ?" ಎಂದರು. ಆದರೆ ಹೊಲಿಗೆಯವಳಿಗೆ ಅಳತೆಯ ಚಟ. ಹೊಸ ಒಂದು ಕಿಲೋ ಪುಡಿ ಉಪ್ಪಿನ ಪೊಟ್ಟಣ ಒಡೆದು ಡಬ್ಬಿಗೆ ಸುರಿದ ದಿನವೇ ಡಬ್ಬಿಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತಾರೀಖು ಬರೆದೆ. ಹದಿನೈದನೆಯ ದಿನ ಡಬ್ಬಿ ಬರಿದಾಯಿತು. ಆರು ಜನ, ಹದಿನೈದು ದಿನ, ಸಾವಿರ ಗ್ರಾಂ: ತಲೆಗೆ ದಿನಕ್ಕೆ 11 ಗ್ರಾಂ. ಉಪ್ಪಿನಕಾಯಿಗೆ, ರಂಜಕಕ್ಕೆ ಬಳಸಿದ ಕಲ್ಲುಪ್ಪು ಇದರಲ್ಲಿ ಸೇರಿಲ್ಲ. ಎಮ್ಮೆಗೆ ಹಾಕುವುದೂ ಸೇರಿಲ್ಲ. ಮಾವ ತಕರಾರು ತೆಗೆದು ಎಮ್ಮೆಯ ಮೇಲೆ ಹಾಕಲು ನೋಡಿದರು, ಅದರ ಚೀಲವೇ ಬೇರೆ.

ರೊಟ್ಟಿಗೆ ನಮ್ಮ ಮನೆಯಲ್ಲಿ ಉಪ್ಪಿಲ್ಲ, ಅದೊಂದು ಪುಣ್ಯ. ಆದರೆ ಉಪ್ಪಿಲ್ಲದ ರೊಟ್ಟಿಯನ್ನು ಗಂಟಲಿಗಿಳಿಸಲು ಸುತ್ತಲೂ ಎಷ್ಟು ಉಪ್ಪು ಕಾವಲಿಗೆ ನಿಂತಿರುತ್ತದೆ ಎಂದು ನಾನು ಎಂದೂ ಎಣಿಸಿರಲಿಲ್ಲ. ಕಾಳುಪಲ್ಯ, ಸಾರು, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ, ಬ್ಯಾಡಗಿ ಮೆಣಸಿನಕಾಯಿಯ ರಂಜಕ, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ, ಕರಿದರೆ ಹಪ್ಪಳ. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರವೂ ಭಜ್ಜಿಯ ಸೋಡಾವೂ ಉಪ್ಪಿನ ಬಳಗವೇ, ಬಾಯಿಗೆ ಉಪ್ಪೆನಿಸದಿದ್ದರೂ ಸೋಡಿಯಂ ಸೋಡಿಯಮ್ಮೇ ಎಂದು ರಾಣೆಬೆನ್ನೂರಿನ ಹುಡುಗಿ ಹೇಳಿದಾಗ ಸಂತೆಯ ದಿನದ ಮಿರ್ಚಿ ಭಜ್ಜಿ ಕಣ್ಣ ಮುಂದೆ ಬಂತು. ಆ ಸುದ್ದಿಯನ್ನು ನನ್ನ ಗಂಡನಿಗೆ ನಾಲ್ಕು ದಿನ ಹೇಳಲಿಲ್ಲ.

ಉಪ್ಪು ಇಳಿಸುವಾಗ ನಾನೊಂದು ದಡ್ಡತನ ಮಾಡಿದೆ. ಒಂದೇ ದಿನಕ್ಕೆ ಅರ್ಧ ಮಾಡಿದೆ. ಗಂಡ ತಾಟು ಸರಿಸಿ, "ಇದೇನು ದವಾಖಾನೆಯ ಊಟವೇ?" ಎಂದರು. ಮಕ್ಕಳು ಉಪ್ಪಿನಕಾಯಿಯ ಭರಣಿಗೆ ಕೈ ಹಾಕಿದರು, ಲೆಕ್ಕ ಮೊದಲಿಗಿಂತ ಹೆಚ್ಚಾಯಿತು. ಮುಂದಿನ ವಾರದಿಂದ ದಾರಿ ಬದಲಿಸಿದೆ. ಯಾರಿಗೂ ಹೇಳದೆ ವಾರಕ್ಕೊಂದು ಚಿಟಿಕೆ ಕಡಿಮೆ. ಹಿಂಡಿಗೆ ಉಪ್ಪು ಪೂರ್ತಿ ಬಿಟ್ಟು ಬೆಳ್ಳುಳ್ಳಿ, ಹುಣಸೆಹಣ್ಣು ಹೆಚ್ಚು ಹಾಕಿ ಕುಟ್ಟಿದೆ. ಪಲ್ಯದ ಮೇಲೆ ನಿಂಬೆಹಣ್ಣು. ಉಪ್ಪಿನ ಡಬ್ಬಿ ಊಟದ ಹತ್ತಿರದಿಂದ ಒಲೆಯ ಹಿಂದಿನ ಗೂಡಿಗೆ ಹೋಯಿತು. ಮೊಣಕಾಲು ನೋವಿನ ಅತ್ತೆ ಒಂದು ಚಿಟಿಕೆಗಾಗಿ ಎದ್ದು ಹೋಗುವುದಿಲ್ಲ ಎಂಬುದು ನನ್ನ ಎಣಿಕೆ. ತಿಂಗಳು ಕಳೆಯುವಷ್ಟರಲ್ಲಿ ನಾಲಗೆಗಳು ಒಗ್ಗಿಕೊಂಡವು. ಬೀಗರ ಮನೆಯ ಊಟ ಮಾಡಿ ಬಂದ ಗಂಡ, "ಅವರ ಸಾರು ಉಪ್ಪೋ ಉಪ್ಪು" ಎಂದು ತಾವೇ ಬೈದದ್ದನ್ನು ನಾನು ಯಾರ ಮುಂದೂ ಎತ್ತಿ ಆಡಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆಮೇಲಿನ ಪೊಟ್ಟಣ 24 ದಿನ ಬಂತು. ತಲೆಗೆ 7 ಗ್ರಾಂ. ಐದಕ್ಕೆ ಇಂದಿಗೂ ಇಳಿದಿಲ್ಲ.

ನನ್ನ ರೇಗಾಟದ ಇನ್ನೊಂದು ಫಲ, ಸಂದೇಶಗಳು ದನಿಗೆ ಬಂದವು. ಒಂದು ನಿಮಿಷ, ಒಂದೇ ವಿಷಯ, ರಾಣೆಬೆನ್ನೂರಿನ ಹುಡುಗಿಯದೇ ದನಿ. "ಅವ್ವಾ, ಚಹಾ ಆಯಿತೇ? ಮುಂಜಾನೆಯ ಗುಳಿಗೆ ತೆಗೆದುಕೊಂಡಿರಾ?" ಎಂದು ಶುರುವಾದಾಗ ಅತ್ತೆ, "ಆಯಿತವ್ವಾ, ಈಗಷ್ಟೇ ತೆಗೆದುಕೊಂಡೆ. ನಿನ್ನದು ನಾಷ್ಟಾ ಆಯಿತೇ?" ಎಂದು ಮೊಬೈಲಿಗೆ ಉತ್ತರ ಕೊಟ್ಟರು. ದನಿ ಉತ್ತರಕ್ಕೆ ಕಾಯದೆ ಕಾಲು ಚಾಚಿ ಕೂರುವುದರ ಬಗ್ಗೆ ಮುಂದುವರಿಯಿತು. ಅತ್ತೆಯ ಮುಖ ಕಪ್ಪಿಟ್ಟಿತು. ಇದು ಮೊದಲೇ ಹೇಳಿಟ್ಟ ಮಾತು ಅತ್ತೆ, ಆಕೆಗೆ ನೀವು ಹೇಳುವುದು ಕೇಳಿಸುವುದಿಲ್ಲ ಎಂದೆ. ಅವರು ಹುಟ್ಟುವ ಮೊದಲೇ, 1950ರಿಂದ, ಧಾರವಾಡ ಆಕಾಶವಾಣಿ ಇದೆ. ಅವರ ಅಪ್ಪ ಹೊಲದಿಂದ ಬಂದು ಕಟ್ಟೆಯ ಮೇಲೆ ರೇಡಿಯೋ ಹಚ್ಚಿ ಕೂರುತ್ತಿದ್ದರಂತೆ. "ರೇಡಿಯೋದವರಿಗೆ ನಮ್ಮ ಮಾತು ಕೇಳಿಸುವುದಿಲ್ಲ, ಅದು ಗೊತ್ತು. ಮೊಬೈಲಿನವರಿಗೂ ಕೇಳಿಸದಿದ್ದರೆ ಅದನ್ನು ಮೊಬೈಲು ಎಂದು ಯಾಕೆ ಕರೆಯಬೇಕು?" ಎಂದರು. ನಾನು ನಕ್ಕುಬಿಟ್ಟೆ. ಆ ಮಾತಿನ ಬೆಲೆ ತಿಳಿಯಲು ಇನ್ನೂ ಒಂದು ತಿಂಗಳು ಬೇಕಾಯಿತು.

ಆರನೆಯ ವಾರದ ಕೊನೆಗೆ ಎಲ್ಲರ ಬಿ.ಪಿ. ನೋಡಿದರು. ಗುಳಿಗೆ ಈಗ ದಿನವೂ ತಪ್ಪದೆ ಹೋಗುತ್ತಿತ್ತು, ಎಣಿಸುವವಳು ನಾನೇ. ಉಪ್ಪು ಇಳಿದಿತ್ತು. ಮುಂಜಾನೆ ಮಾವನ ಬುತ್ತಿ ಹೊತ್ತು ಹೊಲಕ್ಕೆ ನಡೆಯುವುದನ್ನು ಅತ್ತೆ ಬಿಟ್ಟಿರಲಿಲ್ಲ, ಅರ್ಧ ಗಂಟೆಯ ನಡಿಗೆ ಅದೇ ಆಯಿತು. ಆದರೂ ಬಂದದ್ದು 168/96. ಹಿಂದಿನ ಮನೆಯ ದೊಡ್ಡವ್ವನದು 144ಕ್ಕೆ ಬಂದಿತ್ತು, ಅವಳು ಉಪ್ಪಿನಕಾಯಿ ಕೂಡ ಬಿಟ್ಟಿರಲಿಲ್ಲ. ಅತ್ತೆಗೆ ಅಳು ಬಂತು. "ಕಣ್ಣು ಬರುವುದು ನನ್ನ ಹಣೆಯಲ್ಲಿ ಬರೆದಿಲ್ಲ" ಎಂದರು.

ಯಂತ್ರದ್ದೇ ತಪ್ಪಿರಬಹುದು ಎಂಬ ಆಸೆಯಿಂದ ಸಿ.ಎಚ್.ಓ. ಮೇಡಂ ಬಳಿ ಮತ್ತೆ ಕರೆದುಕೊಂಡು ಹೋದೆ. ಬಿ.ಪಿ. ನೋಡುವುದಕ್ಕೂ ಒಂದು ಪದ್ಧತಿ ಇದೆ ಎಂದು ತಿಳಿದದ್ದು ಅಂದು. ನಡೆದು ಬಂದ ಕೂಡಲೇ ನೋಡಬಾರದು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು. ಪಟ್ಟಿ ಬರಿ ತೋಳಿಗೆ, ತೋಳು ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲು ಚಹಾ, ತಂಬಾಕು ಇಲ್ಲ. ಮೂತ್ರ ಕಟ್ಟಿಕೊಂಡು ಕೂರಬಾರದು. ಮುಖ್ಯವಾಗಿ ಮಾತಾಡಬಾರದು, ಇದು ನಮ್ಮ ಅತ್ತೆಗೆ ಎಲ್ಲಕ್ಕಿಂತ ಕಷ್ಟ. ಅಷ್ಟೆಲ್ಲ ಪಾಲಿಸಿ ಎರಡು ಸಲ ನೋಡಿದರೂ 162ರ ಕೆಳಗೆ ಇಳಿಯಲಿಲ್ಲ. ಆಸೆ ಮುಗಿಯಿತು.

ಅಂದು ಸಂಜೆ ರಾಣೆಬೆನ್ನೂರಿನ ಹುಡುಗಿ ತಾನಾಗಿಯೇ ಫೋನು ಮಾಡಿದಳು. ಮುದ್ರಿಸಿದ ದನಿ ಅಲ್ಲ, ನಿಜವಾದ ಫೋನು. ಬಿ.ಪಿ. ಇಳಿಯದವರೊಂದಿಗೆ ಮಾತಾಡಬೇಕೆಂದು ಅವರ ಮೇಡಂ ಹೇಳಿದ್ದರಂತೆ. ನಾನು ಸ್ಪೀಕರಿಗೆ ಹಾಕಿ ಅತ್ತೆಯ ಮುಂದಿಟ್ಟು ಕತ್ತರಿಸಿದ ಬಟ್ಟೆ ಮಡಚುತ್ತ ಕುಳಿತೆ. ಆಕೆ ಗುಳಿಗೆಯ ಮಾತನ್ನೇ ಎತ್ತಲಿಲ್ಲ. ಹೊಲದಲ್ಲಿ ಏನು ಬಿತ್ತಿದ್ದೀರಿ, ಜೋಳ ಎಷ್ಟು ಎತ್ತರ ಬಂದಿದೆ, ಹೊಲ ಎಷ್ಟು ದೂರ. ಅತ್ತೆ ಅರಳಿದರು. ಆಮೇಲೆ ಆಕೆ, "ಅಷ್ಟು ದೂರ ನಡೆದರೆ ಮೊಣಕಾಲು ನೋಯುವುದಿಲ್ಲವೇ ಅವ್ವಾ?" ಎಂದಳು.

"ನೋಯದೆ ಇರುತ್ತದೆಯೇ? ರಾತ್ರಿ ನಿದ್ದೆ ಬರುವುದಿಲ್ಲ."

"ಮತ್ತೆ ಏನು ಮಾಡುತ್ತೀರಿ?"

ಅತ್ತೆ ನನ್ನತ್ತ ನೋಡಿದರು. ಪೊರೆ ಬಂದ ಕಣ್ಣಿಗೆ ನಾನೆಷ್ಟು ಕಂಡೆನೋ ಗೊತ್ತಿಲ್ಲ. ಸೊಂಟದಿಂದ ಎಲೆಯಡಿಕೆಯ ಸಂಚಿ ತೆಗೆದು, ಸುಣ್ಣದ ಡಬ್ಬಿಯ ಹಿಂದಿನಿಂದ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. ಬಣ್ಣದ ಗುಳಿಗೆಗಳು. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ನೋವಿನ ಗುಳಿಗೆ, ದಿನಕ್ಕೆ ಎರಡು, ಜೋಳ ಕೊಯ್ಯುವ ಕಾಲಕ್ಕೆ ಮೂರು. ಎಷ್ಟು ವರ್ಷದಿಂದ ಎಂದು ಕೇಳಿದರೆ ಚಿಕ್ಕ ಮೊಮ್ಮಗ ಹುಟ್ಟುವ ಮೊದಲಿನಿಂದ ಎಂದರು. ಅವನಿಗೆ ಈಗ ಒಂಬತ್ತು. ಜೊತೆಗೆ ಆ ಗುಳಿಗೆಯಿಂದ ಹೊಟ್ಟೆ ಉರಿಯುತ್ತದೆಂದು ನೀರಿಗೆ ಹಾಕಿದರೆ ಬುಸುಗುಟ್ಟುವ ಸೋಡಾ ಪುಡಿ, ಅದು ದಿನಕ್ಕೊಂದು ಚೀಟಿ.

ಹುಡುಗಿ ಬೈಯಲಿಲ್ಲ. ಅಂಥ ನೋವಿನ ಗುಳಿಗೆಗಳಲ್ಲಿ ಹೆಚ್ಚಿನವು ಮೈಯಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತವೆ, ಬಿ.ಪಿ. ಏರಿಸುತ್ತವೆ, ಬಿ.ಪಿ. ಗುಳಿಗೆಯ ಕೆಲಸವನ್ನೂ ಕೆಡಿಸಬಹುದು, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ ಎಂದು ನಿಧಾನವಾಗಿ ಹೇಳಿದಳು. ಸೋಡಾ ಪುಡಿಯಲ್ಲಿ ಇರುವುದೂ ಸೋಡಿಯಂ. ನಾಳೆಯೇ ಆ ಪೊಟ್ಟಣ ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ನೋವಿಗೆ ಬೇರೆ ದಾರಿ ಕೇಳಿ ಎಂದಳು.

ಹದಿನಾರು ವರ್ಷ ಒಂದೇ ಮನೆಯಲ್ಲಿ ಇದ್ದೇನೆ. ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ಅಳೆದವಳು ನಾನು. ಡಬ್ಬಿಯ ಉಪ್ಪು ಅಳೆಯುತ್ತಿದ್ದಾಗ ಸಂಚಿಯಲ್ಲಿ ಇನ್ನೊಂದು ಉಪ್ಪಿನ ಅಂಗಡಿ ನಡೆದಿತ್ತು. ಅತ್ತೆ ಸುಳ್ಳು ಹೇಳಿರಲಿಲ್ಲ, ನಾನು ದಿನವೂ ಕೇಳುತ್ತಿದ್ದದ್ದು "ಗುಳಿಗೆ ಆಯಿತೇ?" ಎಂದು, ಅದಕ್ಕವರು ಆಯಿತು ಎನ್ನುತ್ತಿದ್ದರು. ಎಲ್ಲಿ ನೋಯುತ್ತದೆ ಎಂದು ನಾನಾಗಲಿ, ಆರು ವಾರದ ಹನ್ನೆರಡು ಸಂದೇಶಗಳಾಗಲಿ ಕೇಳಿರಲಿಲ್ಲ. ಹಾಗೆ ಕೇಳಿ ಉತ್ತರಕ್ಕೆ ಕಾಯುವುದು ಮೊದಲೇ ಹೇಳಿಟ್ಟ ದನಿಯಿಂದ ಆಗುವ ಕೆಲಸವೂ ಅಲ್ಲ.

ವೈದ್ಯರು ಆ ಗುಳಿಗೆ ಬಿಡಿಸಿದರು. ತೀರ ನೋವಾದರೆ ಪ್ಯಾರಾಸಿಟಮಾಲ್, ಇಲ್ಲದಿದ್ದರೆ ಬಿಸಿನೀರಿನ ಶಾಖ, ಕೂತಲ್ಲಿಯೇ ಕಾಲು ನೀಡಿ ಮಡಚುವ ವ್ಯಾಯಾಮ. ಆಮ್ಲೋಡಿಪಿನ್ ಜೊತೆ ಟೆಲ್ಮಿಸಾರ್ಟಾನ್ 40 ಎಂಬ ಇನ್ನೊಂದು ಬಿ.ಪಿ. ಗುಳಿಗೆ ಸೇರಿಸಿದರು. ಮೊದಲ ಎಂಟು ದಿನ ಅತ್ತೆ ಮೊಣಕಾಲು ಹಿಡಿದುಕೊಂಡು ನನ್ನನ್ನೂ ವೈದ್ಯರನ್ನೂ ಆ ಹುಡುಗಿಯನ್ನೂ ಸೇರಿಸಿ ಬೈದರು. ಬುತ್ತಿ ಒಯ್ಯುವ ಕೆಲಸ ಕೆಲವು ದಿನ ನನ್ನ ಹೆಗಲಿಗೆ ಬಂತು.

ಆ ಫೋನಿನ ಸುದ್ದಿ ಓಣಿ ತುಂಬ ಹರಡಿತು. ಅಂದಿನಿಂದ ಶುಕ್ರವಾರದ ಸಂದೇಶಕ್ಕೆ ನಾನೊಂದು ಬಾಲ ಕಟ್ಟಿದೆ. ಸಂಜೆ ನಮ್ಮ ಕಟ್ಟೆಯ ಮೇಲೆ ಐವರನ್ನೂ ಕೂರಿಸಿ ದನಿ ಕೇಳಿಸುವುದು, ಆಮೇಲೆ ಅವರು ಕೇಳಿದ್ದನ್ನು ನಾನು ಮೊಬೈಲಿಗೆ ಹೇಳಿ ತಿರುಗಿ ಕಳಿಸುವುದು. ಗುಂಡಿ ಮೊಬೈಲಿನವರೂ ಬಂದು ಸೇರತೊಡಗಿದರು. ಪ್ರಶ್ನೆಗಳು ಹೇಗಿದ್ದವು! ಗುಳಿಗೆ ನುಂಗಿದ ದಿನ ಬೆಲ್ಲ ತಿನ್ನಬಹುದೇ? ಬಿ.ಪಿ. ಸೊಸೆಯಿಂದ ಬರುತ್ತದೆಯೇ? (ಇದಕ್ಕೆ ಎಲ್ಲರೂ ನನ್ನನ್ನು ನೋಡಿದರು.) ಸೈಂಧವ ಲವಣ ತಿಂದರೆ ಬಿ.ಪಿ. ಬರುವುದಿಲ್ಲವಂತೆ, ನಿಜವೇ? ಈ ಕೊನೆಯದು ಯಾರದೋ ಮೊಮ್ಮಗನ ವಾಟ್ಸ್ಆ್ಯಪ್‌ಗೆ ಬಂದ ವಿಡಿಯೋ. ಜೊತೆಗೆ ಬೆಳ್ಳುಳ್ಳಿ, ನಿಂಬೆರಸ ಕುದಿಸಿ ಕುಡಿದು ಗುಳಿಗೆ ಎಸೆಯಿರಿ ಎಂದೂ ಅದರಲ್ಲಿತ್ತು. ಸೈಂಧವವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡು ಎಂದು ಉತ್ತರ ಬರುವಷ್ಟರಲ್ಲಿ ಎರಡು ಮನೆಗಳಲ್ಲಿ ಅದು ಕೊಂಡಾಗಿತ್ತು, ಒಬ್ಬರು ನಾಲ್ಕು ದಿನ ಗುಳಿಗೆಯನ್ನೂ ಬಿಟ್ಟಾಗಿತ್ತು. ಸುಳ್ಳಿಗೆ ನೆಟ್‌ವರ್ಕು ಚೆನ್ನಾಗಿ ಸಿಗುತ್ತದೆ.

ಕಟ್ಟೆಯ ಮೇಲೆ ಅಂಕೆಗಳ ಪೈಪೋಟಿಯೂ ಹುಟ್ಟಿತು, ಪರೀಕ್ಷೆಯ ಅಂಕಗಳಂತೆ. ಮೂಲೆಮನೆಯ ಅಜ್ಜ ಮಾತ್ರ ತಿರುವುಮುರುವು ಹಿಡಿದಿದ್ದರು. 178 ಬಂದಾಗ ಎದೆಯುಬ್ಬಿಸಿ, "ನನ್ನ ರಕ್ತಕ್ಕೆ ಇನ್ನೂ ಜೋರಿದೆ" ಎಂದರು. ಅವರು ಮೂರು ವಾರದಿಂದ ಗುಳಿಗೆಯನ್ನೇ ಮುಟ್ಟಿಲ್ಲ ಎಂಬುದು ಹೊರಬಿದ್ದದ್ದೂ ಕಟ್ಟೆಯ ಮೇಲೆಯೇ. ಎರಡೂ ಪಾದ ಬಾತಿದ್ದವು, ಚಪ್ಪಲಿ ಹಿಡಿಸುತ್ತಿರಲಿಲ್ಲ, ಗುಳಿಗೆ ಬಿಟ್ಟರೆ ಇಳಿಯಿತು. ಅಂದ ಮೇಲೆ ಗುಳಿಗೆ ವಿಷ ಎಂದು ಅವರ ತೀರ್ಮಾನ. ಆಮ್ಲೋಡಿಪಿನ್ ಕೆಲವರಿಗೆ ಹಾಗೆ ಪಾದ ಬಾವು ತರುತ್ತದೆ, ಬೇರೆ ಗುಳಿಗೆ ಇದೆ ಎಂದು ಉತ್ತರ ಬಂತು. ಉಪಕೇಂದ್ರದಲ್ಲಿ ಇ-ಸಂಜೀವನಿಯಲ್ಲಿ ವೈದ್ಯರೊಂದಿಗೆ ಮುಖ ನೋಡಿ ಮಾತಾಡಿಸಿದರು. ಅಜ್ಜ ಕಾಲೆತ್ತಿ ಪಾದವನ್ನು ಪರದೆಗೆ ತೋರಿಸಿದ ರೀತಿಗೆ ಸಿ.ಎಚ್.ಓ. ಮೇಡಂ ಹೊರಗೆ ಹೋಗಿ ನಕ್ಕು ಬಂದರು. ಗುಳಿಗೆ ಬದಲಾಯಿತು. ಅವರ ಗುಂಡಿ ಮೊಬೈಲಿಗೆ ಅಷ್ಟು ವಾರ ಬರುತ್ತಿದ್ದ ಕರೆಗಳನ್ನು ಕಂಪನಿಯ ಕರೆಯೆಂದು ಕತ್ತರಿಸುತ್ತಿದ್ದರಂತೆ, ಒಂದನ್ನೂ ಕೇಳಿರಲಿಲ್ಲ.

ಹತ್ತನೆಯ ವಾರ ಉಪಕೇಂದ್ರದಲ್ಲಿ ಗುಳಿಗೆ ತೀರಿತು, ಎಂಟು ದಿನ ಬರಲಿಲ್ಲ. ದಿನವೂ ತಪ್ಪಿಸಬೇಡಿ ಎಂದು ಮೊಬೈಲು ಹೇಳುತ್ತಿದ್ದ ವಾರವೇ ಅದು. ಗದಗಿಗೆ ಹೋದ ಗಂಡ ಜನೌಷಧಿ ಅಂಗಡಿಯಿಂದ ಐದೂ ಮನೆಗಳಿಗೆ ತಂದರು, ದುಬಾರಿಯೇನೂ ಆಗಲಿಲ್ಲ. ದುಡ್ಡು ಇಲ್ಲದವರು, ಗದಗಿಗೆ ಹೋಗುವ ಮಗ ಇಲ್ಲದವರು ಏನು ಮಾಡಬೇಕಿತ್ತು ಎಂದು ಮೊಬೈಲಿಗೆ ಕೇಳಿ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಹುಡುಗಿಯರ ಕೊನೆಯ ವಾರ. ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲಲು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಐದು ಬಗೆಯ ಹಿಂಡಿ. ಭೂಮಿತಾಯಿಗೆ ಉಪ್ಪು ಕಡಿಮೆ ಮಾಡುವ ಧೈರ್ಯ ನನಗಿಲ್ಲ, ಅಂದಿನ ಅಡುಗೆಗೆ ಮೊದಲಿನಂತೆಯೇ ಹಾಕಿದೆ. ಹೊಲದಲ್ಲಿ ಊಟಕ್ಕೆ ಕುಳಿತಾಗ ಅತ್ತೆ ಎಣ್ಣೆಗಾಯಿ ಬಾಯಿಗಿಟ್ಟು, "ಕೈ ಜಾರಿತೇನು?" ಎಂದರು.

ಮೂರು ದಿನ ಬಿಟ್ಟು ನೋಡಿದಾಗ 138/86. ಸಂದೇಶಗಳು ನಿಂತವು. ಯಾರೂ ಬಂದು ಮುಗಿಯಿತು ಎನ್ನಲಿಲ್ಲ, ಮಂಗಳವಾರ ಬಂತು, ಮೊಬೈಲು ಸುಮ್ಮನಿತ್ತು. ಅತ್ತೆ ಒಂಬತ್ತು ಗಂಟೆಯವರೆಗೆ ಕಾದು, "ನೆಟ್‌ವರ್ಕ್ ಇಲ್ಲವೇನು?" ಎಂದು ಕೇಳಿದರು. ಹನ್ನೆರಡು ವಾರವಷ್ಟೇ ಅವರ ಅಧ್ಯಯನ, ಬಿ.ಪಿ. ಮಾತ್ರ ಜೀವಮಾನದ್ದು. ಹಳೆಯ ದನಿಗಳನ್ನು ಅಳಿಸದೆ ಇಟ್ಟಿದ್ದೇನೆ, ಶುಕ್ರವಾರ ಕಟ್ಟೆಯ ಮೇಲೆ ಅವನ್ನೇ ಸರದಿಯಲ್ಲಿ ಹಚ್ಚುತ್ತೇನೆ. ಮೂಲೆಮನೆಯ ಅಜ್ಜನಿಗೆ ಎಲ್ಲವೂ ಹೊಸವು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಗದಗಿಗೆ ಹೋದೆವು. ಅದೇ ಸಾಲು, ಅದೇ ಹಸಿರು ಅಂಗಿ. ನರ್ಸು ಪಟ್ಟಿ ಕಟ್ಟಲು ಬಂದಾಗ ಅತ್ತೆ ಅಂಗೈ ಎತ್ತಿ ತಡೆದು, ಐದು ನಿಮಿಷ ಆಗಲಿ ಎಂದು ಸನ್ನೆ ಮಾಡಿದರು, ಬಾಯಿ ಬಿಡಲಿಲ್ಲ. 144/84. ಬಲಗಣ್ಣಿನ ಪೊರೆ ತೆಗೆದರು.

ಮರುದಿನ ಪಟ್ಟಿ ಬಿಚ್ಚಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕುಳಿತ ಅತ್ತೆ ಮೊದಲು ನನ್ನನ್ನು ನೋಡಿ, "ಎಷ್ಟು ಬಡವಾಗಿದ್ದೀಯೇ" ಎಂದರು. ಆಮೇಲೆ, ಆ ಹುಡುಗಿಗೆ ಸುದ್ದಿ ತಿಳಿಸು ಎಂದರು. ನಾನು ಮೊಬೈಲು ತೆರೆದಾಗ ಅದರಲ್ಲಿ ಅವಳ ಸಣ್ಣ ಭಾವಚಿತ್ರ ಇತ್ತು, ಬಿಳಿ ಸಮವಸ್ತ್ರ, ಎರಡು ಜಡೆ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇಷ್ಟು ಸಣ್ಣ ಹುಡುಗಿಯೇ? ನನ್ನ ಸಂಚಿ ಬಿಚ್ಚಿಸಿದ್ದು ಇವಳೇ?"